ಕೈ ಕಡಿದುಕೊಂಡ ಶಿಲ್ಪಿ, ಹೆಸರು ಕೆತ್ತಿದ ಶಿಲ್ಪಿ

(ತಿಂಥಣಿಯಲ್ಲಿ ವಿದ್ಯಾರ್ಥಿಗಳು ಹಾಗೂ ಕುಶಲಕರ್ಮಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಕೃಷ್ಣೆಯ ದಂಡೆಯ ಈ ತಿಂಥಣಿಗೆ ಜನ ಮೌನೇಶ್ವರರ ಗುಡಿಗೆಂದು ಬರುತ್ತಾರೆ. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಕ್ಷೇತ್ರವಿದು. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಐದು ಕಸುಬಿನ ವಿಶ್ವಕರ್ಮರಿಗಂತೂ ಇದು ತವರು. ಕೈಕಸುಬನ್ನು ಗೌರವಿಸುವ ಈ ನೆಲದಲ್ಲಿ ನಿಂತು ನಾನು ಎತ್ತಿಕೊಂಡಿರುವ ವಿಷಯ ನೋಡಲು ಸಣ್ಣದು, ಅನುಭವಿಸಿದವರಿಗೆ ದೊಡ್ಡದು. ಆಟದಲ್ಲಾಗಲಿ ಕೆಲಸದಲ್ಲಾಗಲಿ ನಮ್ಮ ಜೊತೆಯವನು, ಕೆಲವೊಮ್ಮೆ ನಾವೇ ಕಲಿಸಿದವನು, ನಮ್ಮನ್ನು ದಾಟಿ ಮುಂದೆ ಹೋದಾಗ ನಾವು ಹೇಗಿರಬೇಕು?

ಕನ್ನಡಿಗರಿಗೆಲ್ಲ ಗೊತ್ತಿರುವ ಒಂದು ಕಥೆ ಇದೆ. ಶಿಲ್ಪಿ ಜಕ್ಕಣಾಚಾರಿ ಬೇಲೂರಿನಲ್ಲಿ ವಿಗ್ರಹ ಕೆತ್ತಿದ್ದಾನೆ. ಗುರುತಿಲ್ಲದ ಒಬ್ಬ ಹುಡುಗ ಬಂದು ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಜಕ್ಕಣನಿಗೆ ಸಿಟ್ಟು; ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಪಂಥ ಕಟ್ಟುತ್ತಾನೆ. ವಿಗ್ರಹಕ್ಕೆ ಗಂಧ ಬಳಿದರೆ ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಒದ್ದೆ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಕಪ್ಪೆ! ಜಕ್ಕಣ ಮಾತಿನಂತೆ ಕೈ ಕಡಿದುಕೊಳ್ಳುತ್ತಾನೆ. ಆಮೇಲೆ ಆ ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿಯುತ್ತದೆ. ಮುಂದೆ ತುಮಕೂರು ಬಳಿಯ ಕೈದಾಳದಲ್ಲಿ ದೇವರು ಆ ಕೈಯನ್ನು ಮರಳಿ ಕೊಟ್ಟನೆಂದು ಕಥೆ ಮುಗಿಯುತ್ತದೆ.

ಈ ಕಥೆ ಕೇಳಿದಾಗ ನಾವು ಜಕ್ಕಣನ ಮಾತಿನ ನಿಷ್ಠೆಯನ್ನು ಮೆಚ್ಚುತ್ತೇವೆ. ಆದರೆ ಸ್ವಲ್ಪ ನಿಂತು ಯೋಚಿಸಿ. ಕೈ ಹೋಗಲು ಕಾರಣ ಯಾರು? ಹುಡುಗನೂ ಅಲ್ಲ, ಕಪ್ಪೆಯೂ ಅಲ್ಲ. ‘ನನ್ನನ್ನು ಮೀರಿಸುವವರಿಲ್ಲ’ ಎಂಬ ಪಂಥ. ದೋಷ ತಿಳಿದ ಮೇಲೆ ಬೇಕಾಗಿದ್ದುದು ಇನ್ನೊಂದು ಕಲ್ಲು ಮತ್ತು ಅದೇ ಪಳಗಿದ ಕೈ. ಹೋದದ್ದು ಆ ಕೈಯೇ.

ಇದು ಕಥೆಯ ಮಾತಾಯಿತು. ಇನ್ನು ಶಾಸನದ ಮಾತು. ಜಕ್ಕಣಾಚಾರಿ ಎಂಬ ಹೆಸರಿಗೆ ಶಾಸನದ ಆಧಾರವಿಲ್ಲವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಆದರೆ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ತಾವೇ ಕೆತ್ತಿಕೊಂಡ ಹೆಸರುಗಳಿವೆ. ಅವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ ಇದ್ದಾರೆ. ಅಲ್ಲಿನ ಪ್ರಸಿದ್ಧ ಮದನಿಕೆಯರಲ್ಲಿ ನಾಲ್ಕು ತಂದೆಯವು, ಐದು ಮಗನವು ಎಂದು ಗುರುತಿಸಲಾಗಿದೆ. ಲೆಕ್ಕದಲ್ಲಿ ಮಗನದೇ ಒಂದು ಮುಂದು. ಆದರೆ ಎರಡು ಹೆಸರುಗಳೂ ಒಂದೇ ಗುಡಿಯಲ್ಲಿ ಉಳಿದಿವೆ. ಕಥೆಯ ತಂದೆ ಕೈ ಕಡಿದುಕೊಂಡ. ಕಲ್ಲಿನ ಮೇಲಿನ ತಂದೆ ಮಗನ ಜೊತೆಗೇ ತನ್ನ ಹೆಸರನ್ನೂ ಬಿಟ್ಟುಹೋದ. ನಾವು ಆರಿಸಿಕೊಳ್ಳಬೇಕಾದ ದಾರಿ ಎರಡನೆಯದು.

ಹಳೆಯ ಕಾಲದ ಮಾತು ಬೇಡ ಎನ್ನುವ ಹುಡುಗರಿಗೆ ನಮ್ಮದೇ ನಾಡಿನ ಆಟಗಾರರ ಉದಾಹರಣೆ ಕೊಡುತ್ತೇನೆ. 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಎರಡನೇ ಇನಿಂಗ್ಸಿನ ಒಂಬತ್ತು ವಿಕೆಟ್‌ಗಳೂ ಬೆಂಗಳೂರಿನ ಅನಿಲ್ ಕುಂಬ್ಳೆಗೆ ಬಿದ್ದಿವೆ. ಇನ್ನೊಂದು ತುದಿಯಲ್ಲಿ ಚೆಂಡು ಮೈಸೂರಿನ ಜಾವಗಲ್ ಶ್ರೀನಾಥ್ ಕೈಯಲ್ಲಿದೆ. ಆ ಇನಿಂಗ್ಸಿನಲ್ಲಿ ಅವರಿಗೆ ಒಂದು ವಿಕೆಟ್ಟೂ ಸಿಕ್ಕಿಲ್ಲ. ವಿಕೆಟ್ ಪಡೆಯುವುದೇ ಕಸುಬಾದ ಶ್ರೀನಾಥ್ ಅಂದು ಆಫ್ ಸ್ಟಂಪಿನಿಂದ ದೂರ ದೂರಕ್ಕೆ ಚೆಂಡು ಎಸೆದರು. ಕುಂಬ್ಳೆ ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ವಿಕೆಟ್ ಪಡೆದು 74 ರನ್ನಿಗೆ ಹತ್ತು ವಿಕೆಟ್ ಪೂರೈಸಿದರು. ಟೆಸ್ಟ್ ಚರಿತ್ರೆಯಲ್ಲಿ ಅದಕ್ಕೆ ಮೊದಲು ಆ ಸಾಧನೆ ಮಾಡಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಶ್ರೀನಾಥ್ ಇದರಿಂದ ಸಣ್ಣವರಾದರೇ? 236 ಟೆಸ್ಟ್ ವಿಕೆಟ್‌ಗಳ ಜೊತೆಗೆ ಆ ಓವರನ್ನೂ ಜನ ನೆನೆಯುತ್ತಾರೆ.

ಇನ್ನೊಂದು 2001ರ ಮಾರ್ಚ್ ತಿಂಗಳದು. ಕೋಲ್ಕತ್ತದಲ್ಲಿ ಆಸ್ಟ್ರೇಲಿಯದ ವಿರುದ್ಧ ಭಾರತ ಫಾಲೋ ಆನ್ ಮಾಡಬೇಕಾಯಿತು. ರಾಹುಲ್ ದ್ರಾವಿಡ್ ಅವರ ಮೂರನೇ ಕ್ರಮಾಂಕವನ್ನು ವಿ.ವಿ.ಎಸ್. ಲಕ್ಷ್ಮಣ್‌ಗೆ ಕೊಟ್ಟು, ದ್ರಾವಿಡ್‌ರನ್ನು ಆರಕ್ಕೆ ಇಳಿಸಿದರು. ತನ್ನ ಜಾಗ ಇನ್ನೊಬ್ಬನಿಗೆ ಹೋಗುವುದು ಯಾವ ಕಚೇರಿಯಲ್ಲೂ, ಯಾವ ತಂಡದಲ್ಲೂ ಸುಲಭದ ತುತ್ತಲ್ಲ. ದ್ರಾವಿಡ್ ಅದೇ ಲಕ್ಷ್ಮಣ್ ಜೊತೆ ನಾಲ್ಕನೇ ದಿನ ಇಡೀ ಆಡಿದರು. ಇಬ್ಬರೂ ಸೇರಿ 376 ರನ್ ಕೂಡಿಸಿದರು. ಲಕ್ಷ್ಮಣ್ 281, ದ್ರಾವಿಡ್ 180. ಭಾರತ 171 ರನ್ನುಗಳಿಂದ ಗೆದ್ದಿತು. ದೊಡ್ಡ ಅಂಕಿ ಲಕ್ಷ್ಮಣ್ ಅವರದೇ, ನಿಜ. ಆದರೆ ಆ 180 ಇಲ್ಲದೆ ಆ ಗೆಲುವು ಇಲ್ಲ.

ಹಾಗಾದರೆ ಇದರ ಗುಟ್ಟೇನು? ನೋವಾಗಬಾರದು ಎಂದು ನಾನು ಹೇಳುವುದಿಲ್ಲ. ನೋವು ಸಹಜ, ಕೆಲಸದ ಮೇಲೆ ಪ್ರೀತಿ ಇದ್ದವನಿಗೇ ಅದು ಆಗುವುದು. ಆ ನೋವು ಮುಂದಿನವನ ಕಾಲೆಳೆಯುವ ಕಡೆಗೂ ಹೋಗಬಾರದು, ನಮ್ಮ ಉಳಿಯನ್ನು ನಾವೇ ಎಸೆಯುವ ಕಡೆಗೂ ಹೋಗಬಾರದು. ಹಾಗೆಂದು ಗೆದ್ದೆತ್ತಿನ ಬಾಲ ಹಿಡಿಯುವುದೂ ಸಜ್ಜನಿಕೆಯಲ್ಲ. ಎದುರಿನವನ ಕೆಲಸದಲ್ಲಿ ಏನು ಚೆನ್ನಾಗಿದೆ ಎಂದು ಕಣ್ಣಾರೆ ನೋಡಿ, ಅದನ್ನು ನಾಲ್ಕು ಜನರ ಮುಂದೆ ಹೇಳಿ, ಮತ್ತೆ ನಮ್ಮ ಕಲ್ಲಿನ ಮುಂದೆ ಕೂರುವುದು, ಇಷ್ಟೇ ಸಜ್ಜನಿಕೆ. ಮೌನದಲ್ಲೂ ಎರಡು ಬಗೆ: ಹೊಟ್ಟೆಕಿಚ್ಚಿನ ಮೌನ ಒಂದು, ಕೆಲಸದಲ್ಲಿ ಮುಳುಗಿದವನ ಮೌನ ಇನ್ನೊಂದು.

ಇಲ್ಲಿನ ಮಕ್ಕಳಿಗೆ ಒಂದು ಮಾತು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಉಡುಪಿ ಮೊದಲು, ನಮ್ಮ ಯಾದಗಿರಿ ಕೊನೆ. ಓಟದ ಗೆರೆಯೇ ಎಲ್ಲರಿಗೂ ಒಂದೇ ಕಡೆ ಇಲ್ಲದಿದ್ದರೆ ಅದನ್ನು ಗಟ್ಟಿಯಾಗಿ ಹೇಳಬೇಕು. ಹಾಗೆ ಹೇಳಿದ್ದರಿಂದಲೇ 2012ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ಸಿಕ್ಕಿತು. ಅನ್ಯಾಯವನ್ನು ಪ್ರಶ್ನಿಸುವುದು ಮತ್ಸರವಲ್ಲ. ಆದರೆ ಫಲಿತಾಂಶದ ದಿನ ಗೆಳೆಯನಿಗೆ ಹೆಚ್ಚು ಅಂಕ ಬಂತೆಂದು ಶಾಲೆ ಬಿಟ್ಟು ಗಂಟು ಕಟ್ಟುವುದಿದೆಯಲ್ಲ, ಅದು ಕೈ ಕಡಿದುಕೊಂಡಂತೆ. ಕೈದಾಳದಂತಹ ಪವಾಡ ಎಲ್ಲರಿಗೂ ಆಗುವುದಿಲ್ಲ. ಕೈ ಉಳಿಸಿಕೊಳ್ಳಿ, ನಾಲ್ಕು ಮದನಿಕೆಯರನ್ನು ಕೆತ್ತಲು ನಿಮಗೂ ಜಾಗವಿದೆ.