ಪಿಯಾನೋವಿನ ನಿಶಾಗೀತಗಳು



ಪಾಶ್ಚಾತ್ಯ ಸಂಗೀತದಲ್ಲಿ ‘ನಾಕ್ಟರ್ನ್’ ಎಂಬ ಹೆಸರಿನ ಕೃತಿಗಳುಂಟು. ರಾತ್ರಿಗೆ ಸಂಬಂಧಿಸಿದುದು ಎಂಬುದೇ ಆ ಪದದ ಅರ್ಥ. ಹೆಸರನ್ನು ಕೇಳಿದೊಡನೆ, ಇವು ನಿದ್ರೆಯನ್ನು ತರುವ ಲಾಲಿಗಳೋ ಬೆಳುದಿಂಗಳಿನ ವರ್ಣನೆಗಳೋ ಇರಬೇಕೆಂದು ಊಹಿಸುವವರು ಬಹುಮಂದಿ. ಆ ಊಹೆಯು ಅರ್ಧಸತ್ಯವೆಂಬುದನ್ನು ಈ ಹೊತ್ತು ತಮ್ಮಲ್ಲಿ ನಿವೇದಿಸಬಯಸುತ್ತೇವೆ.

ಮೊದಲು ಪಿಯಾನೋವಿನ ಒಂದು ಕೊರತೆಯನ್ನು ವಿಚಾರಿಸೋಣ. ಪಿಟೀಲಿನ ಸ್ವರವು ಕಮಾನು ಸರಿಯುತ್ತಿರುವವರೆಗೂ ನಿಲ್ಲುತ್ತದೆ. ಕೊಳಲಿನ ಸ್ವರವು ಉಸಿರಿರುವವರೆಗೂ ನಿಲ್ಲುತ್ತದೆ. ಪಿಯಾನೋವಿನಲ್ಲಿ ಹಾಗಿಲ್ಲ. ಬೆರಳು ಅದುಮಿದಾಗ ಒಳಗಿನ ಸುತ್ತಿಗೆಯೊಂದು ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆ ಕ್ಷಣದಿಂದಲೇ ನಾದವು ಕ್ಷೀಣಿಸಲು ತೊಡಗುತ್ತದೆ. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಗಮಕವಂತೂ ಆ ವಾದ್ಯಕ್ಕೆ ಅಸಾಧ್ಯ. ಇಂತಹ ವಾದ್ಯವು ಹಾಡುವುದೆಂತು? ಈ ಪ್ರಶ್ನೆಗೆ ದೊರೆತ ಸೊಗಸಾದ ಉತ್ತರವೇ ನಾಕ್ಟರ್ನ್.

ಹದಿನೆಂಟನೆಯ ಶತಮಾನದಲ್ಲಿ ಈ ಬಗೆಯ ಹೆಸರು, ರಾತ್ರಿಯ ವಿನೋದಕೂಟಗಳಿಗಾಗಿ ಹಲವು ವಾದ್ಯಗಳು ಕೂಡಿ ನುಡಿಸುವ ಕೃತಿಗಳಿಗೆ ಸಲ್ಲುತ್ತಿತ್ತು. ಅದನ್ನು ಒಂಟಿ ಪಿಯಾನೋವಿಗೆ ತಂದವನು ಡಬ್ಲಿನ್ ನಗರದಲ್ಲಿ 1782ರಲ್ಲಿ ಜನಿಸಿ, ರಷ್ಯಾದಲ್ಲಿ ನೆಲೆಸಿ, 1837ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ ಜಾನ್ ಫೀಲ್ಡ್. ಈತನ ಉಪಾಯವು ಸರಳವಾದುದು. ಬಲಗೈ ಗಾಯಕನಂತೆ ಒಂದೇ ಧಾಟಿಯನ್ನು ಹಾಡುತ್ತದೆ. ಎಡಗೈ ಸ್ವರಗುಚ್ಛಗಳನ್ನು ಬಿಡಿಬಿಡಿಯಾಗಿ ದೂರದೂರಕ್ಕೆ ಹರಡುತ್ತದೆ. ಕಾಲಿನ ಪೆಡಲು ತಂತಿಗಳನ್ನು ಅಡಗಿಸುವ ತಡೆಗಳನ್ನು ಮೇಲೆತ್ತಿ ಹಿಡಿಯುತ್ತದೆ. ಆಗ ಎಡಗೈಯ ನಾದಗಳೆಲ್ಲ ಒಂದರೊಡನೊಂದು ಬೆರೆತು, ಕ್ಷೀಣಿಸುತ್ತಿರುವ ಬಲಗೈಯ ಸ್ವರವನ್ನು ಎತ್ತಿ ಹಿಡಿಯುವುವು.

ಇದನ್ನು ನಮ್ಮ ತಂಬೂರಿಯ ಶ್ರುತಿಗೆ ಹೋಲಿಸಬಹುದೇ? ಒಂದು ಮಟ್ಟಿಗೆ ಮಾತ್ರ. ಶ್ರುತಿಯು ಅಚಲವಾದುದು, ಎಡಗೈಯ ಸ್ವರಗುಚ್ಛವಾದರೋ ಬದಲಾಗುತ್ತಲೇ ಇರುವುದು. ಅದು ಬದಲಾದಂತೆಲ್ಲ ಮೇಲಿನ ಅದೇ ಸ್ವರವು ಒಮ್ಮೆ ಸಾಂತ್ವನವಾಗಿಯೂ ಮತ್ತೊಮ್ಮೆ ಶಂಕೆಯಾಗಿಯೂ ಕೇಳಿಬರುವುದು.

ಈ ಮಾರ್ಗವನ್ನು ಶಿಖರಕ್ಕೇರಿಸಿದವನು ಪೋಲೆಂಡಿನ ಫ್ರೆಡರಿಕ್ ಶೋಪೆನ್ (1810–1849). ಇಂದು ಈತನವೆಂದು ಎಣಿಸುವ ನಾಕ್ಟರ್ನ್‌ಗಳು 21. ಅವುಗಳಲ್ಲಿ 18 ಆತನ ಜೀವಿತಕಾಲದಲ್ಲಿಯೇ ಅಚ್ಚಾದುವು. ಇಟಲಿಯ ನಾಟಕಗಾಯಕರ ಕಂಠವನ್ನು ಈತನು ಬಹುವಾಗಿ ಮೆಚ್ಚಿದ್ದನು. ಎಡಗೈ ಮೇಳದ ನಾಯಕನಂತೆ ಕಾಲವನ್ನು ಹಿಡಿದಿರಲಿ, ಬಲಗೈ ಮಾತ್ರ ಸ್ವತಂತ್ರವಾಗಿ ಹಿಂದುಮುಂದಾಗಲಿ, ಎಂಬುದು ಶಿಷ್ಯರಿಗೆ ಆತನ ಉಪದೇಶ. ಒಂಬತ್ತನೆಯ ಕೃತಿಸಂಖ್ಯೆಯ ಎರಡನೆಯ ನಾಕ್ಟರ್ನ್ ಜನಪ್ರಿಯವಾದುದು. ಅದರಲ್ಲಿ ಒಂದೇ ಧಾಟಿಯು ಮರಳಿ ಮರಳಿ ಬರುತ್ತದೆ. ಬಂದಾಗಲೆಲ್ಲ ಹೊಸ ಅಲಂಕಾರವನ್ನು ತೊಟ್ಟು ಬರುತ್ತದೆ.

ಆದರೆ ಮಾಧುರ್ಯವೊಂದೇ ಶೋಪೆನ್ನನ ಗುರಿಯಲ್ಲ. ಆತನ ಅನೇಕ ನಾಕ್ಟರ್ನ್‌ಗಳು ಮೂರು ಭಾಗಗಳುಳ್ಳವು: ಮೊದಲು ಶಾಂತವಾದ ಗಾನ, ನಡುವೆ ಕ್ಷೋಭೆ, ಕೊನೆಗೆ ಮೊದಲಿನ ಗಾನದ ಪುನರಾಗಮನ. 1841ರಲ್ಲಿ ರಚಿತವಾದ, ನಲವತ್ತೆಂಟನೆಯ ಕೃತಿಸಂಖ್ಯೆಯ ಮೊದಲನೆಯ ನಾಕ್ಟರ್ನನ್ನು ಲಕ್ಷಿಸಿರಿ. ಸಿ ಮೈನರಿನ ಧಾಟಿಯೊಂದು ತಡೆತಡೆದು ಹೆಜ್ಜೆಯಿಡುತ್ತದೆ. ನಡುವೆ ಸಿ ಮೇಜರಿನಲ್ಲಿ ದೇವಾಲಯದ ಸಮೂಹಗಾನದಂತಹ ಗಂಭೀರ ಸ್ವರಗುಚ್ಛಗಳು ಮೂಡುತ್ತವೆ. ಅವುಗಳ ಮಧ್ಯದಿಂದಲೇ ಬಿರುಗಾಳಿ ಎದ್ದು ಎಲ್ಲವನ್ನೂ ಆವರಿಸುತ್ತದೆ. ಮೊದಲಿನ ಧಾಟಿಯು ಆಮೇಲೆ ಹಿಂದಿರುಗುವುದೇನೋ ನಿಜ. ಆದರೆ ಇಮ್ಮಡಿ ವೇಗದಲ್ಲಿ, ಕೆಳಗೆ ಸ್ವರಗುಚ್ಛಗಳು ನಡುಗುತ್ತಿರಲು ಹಿಂದಿರುಗುತ್ತದೆ. ಸ್ವರಗಳು ಅವೇ, ಆದರೆ ಶಾಂತಿಯು ಎಲ್ಲಿ? ದುಃಖವನ್ನು ಕಂಡುಬಂದವನು ತನ್ನ ಮನೆಯ ಬಾಗಿಲಲ್ಲಿ ಹಿಂದಿನಂತೆಯೇ ನಿಲ್ಲಲಾರನಷ್ಟೆ!

ಆದುದರಿಂದ ನಾಕ್ಟರ್ನನ್ನು ಕೇಳುವಾಗ ಬಲಗೈಯ ಇಂಪಿಗೆ ಮಾತ್ರ ಕಿವಿಗೊಟ್ಟರೆ ಸಾಲದು. ಎಡಗೈ ಎಲ್ಲಿ ಬಣ್ಣವನ್ನು ಬದಲಿಸಿತು, ಮರಳಿ ಬಂದ ಗಾನವು ಏನನ್ನು ಕಳೆದುಕೊಂಡು ಏನನ್ನು ಪಡೆದು ಬಂದಿತು ಎಂಬುದನ್ನೂ ಗಮನಿಸಬೇಕು. ನಾಕ್ಟರ್ನಿನ ರಾತ್ರಿಯು ಮಲಗಿದವರ ರಾತ್ರಿಯಲ್ಲ, ಎಚ್ಚರವಾಗಿರುವವರ ರಾತ್ರಿ. ಹುಟ್ಟಿದೊಡನೆ ಅಳಿಯತೊಡಗುವ ನಾದದಿಂದಲೇ ಅದು ತನ್ನ ಗಾನವನ್ನು ಕಟ್ಟುತ್ತದೆ. ಅದರ ಕರುಣೆಯೂ ಅದರ ಸೌಂದರ್ಯವೂ ಅಲ್ಲಿಯೇ ಇವೆ.