ಹೇರೆತ್ತಿನವರನ್ನು ಕಂಡವರು, ಕೇಳಿದವರು

ಸಿಂಗಟಗೆರೆ ಸುತ್ತಿನಿಂದ ತರೀಕೆರೆ, ಅಜ್ಜಂಪುರದವರೆಗೆ ಲಂಬಾಣಿಗರ ಪರಿಚಯವಿಲ್ಲದವರು ಯಾರು? ಆದರೆ ಇನ್ನೂರು ವರ್ಷ ಹಿಂದಿನ ಬರಹಗಳನ್ನು ತೆರೆದರೆ ಇದೇ ಜನ ಎರಡು ವೇಷದಲ್ಲಿ ಎದುರಾಗುತ್ತಾರೆ. ಟಿಪ್ಪುವಿನ ಮೇಲೆ ಮರಾಠರ ಜೊತೆ ದಂಡೆತ್ತಿ ಬಂದ ಬ್ರಿಟಿಷ್ ಕ್ಯಾಪ್ಟನ್ ಲಿಟಲ್ ತುಕಡಿಯ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇವರು ಹೇರೆತ್ತುಗಳ ಮೇಲೆ ದವಸ ಸಾಗಿಸುವ ವ್ಯಾಪಾರಿಗಳು. ಯುದ್ಧದಲ್ಲಿ ಯಾರ ಕಡೆಗೂ ಸೇರದೆ, ಕೊಂಡವರಿಗೆ ಮಾರುತ್ತಾರೆ. ದಂಡಿನಿಂದ ದೂರ ತಮ್ಮದೇ ಬಿಡಾರ, ಗಂಡಸರ ಕೈಯಲ್ಲಿ ಕತ್ತಿ, ಕೋವಿ. ಎತ್ತು ಹೊಡೆಯುವವರು ಹೆಂಗಸರು. ಅಷ್ಟು ಗಟ್ಟಿಮುಟ್ಟಾದವರನ್ನು ಈ ದೇಶದಲ್ಲಿ ಬೇರೆಲ್ಲೂ ಕಾಣೆ ಎಂದು ಮೂರ್ ಬೆರಗಾಗುತ್ತಾನೆ. ಮೈಸೂರು ಸೀಮೆಯಲ್ಲಿದ್ದ ಪಾದ್ರಿ ಅಬ್ಬೆ ದುಬಾಯ್ ಬರೆದದ್ದೇ ಬೇರೆ. ಅವನ ಪ್ರಕಾರ ಇವರು ಕಳ್ಳರು. ಅಷ್ಟೇ ಅಲ್ಲ, ನರಬಲಿಗೆಂದು ದಾರಿಹೋಕನನ್ನು ಕುತ್ತಿಗೆವರೆಗೆ ಹೂತು, ತಲೆಯ ಮೇಲೆ ಹಿಟ್ಟಿನ ಹಣತೆ ಹಚ್ಚಿಟ್ಟು, ಪ್ರಾಣ ಹೋಗುವವರೆಗೂ ಸುತ್ತ ಕುಣಿಯುವವರು.

ಯಾವುದನ್ನು ನಂಬೋಣ? ದುಬಾಯ್ ಮೂವತ್ತು ವರ್ಷ ಇಲ್ಲೇ ಬಾಳಿದವನು, ಸುಳ್ಳು ಬರೆದಾನೆಯೇ ಎಂದು ಕೇಳುವವರುಂಟು. ಸುಳ್ಳುಗಾರನೆಂದು ನಾನೂ ಹೇಳುವುದಿಲ್ಲ. ಆದರೆ ನರಬಲಿಯ ಮಾತನ್ನು ಅವನು ಕಂಡದ್ದಾಗಿ ಬರೆದಿಲ್ಲ, ಜನ ಹಾಗೆನ್ನುತ್ತಾರೆಂದು ಬರೆದಿದ್ದಾನೆ. ಎತ್ತಿನ ಹಿಂದೆ ನಡೆದ ಹೆಂಗಸರು ಮೂರ್ ಕಣ್ಣಾರೆ ಕಂಡವರು. ಹಾಗೆಂದು ಮೂರ್‌ನ ಹೊಗಳಿಕೆಯನ್ನೂ ಇಡಿಯಾಗಿ ನುಂಗಬೇಕಾಗಿಲ್ಲ, ಅವನ ದಂಡಿನ ಹೊಟ್ಟೆ ತುಂಬಿದ್ದು ಇವರ ಗೋಣಿಚೀಲಗಳಿಂದ. 1803ರಲ್ಲಿ ಹರಿಹರದಲ್ಲಿ ಜಮಾಯಿಸಿ ಮರಾಠರತ್ತ ಹೊರಟ ಬ್ರಿಟಿಷ್ ಸೇನಾಪತಿ ವೆಲ್ಲೆಸ್ಲಿಯ ಪತ್ರಗಳಲ್ಲೂ ಬಂಜಾರರ, ಅಂದರೆ ಇದೇ ಲಂಬಾಣಿಗರ, ಅಕ್ಕಿಯದೇ ಚಿಂತೆ.

ಲಂಬಾಣಿಗರಲ್ಲಿ ಸುಲಿಗೆ ಮಾಡಿದವರೇ ಇರಲಿಲ್ಲವೇ? ಇದ್ದಿರಬಹುದು, ಆ ಕಾಲದಲ್ಲಿ ಯಾವ ದಂಡು ಊರು ಸುಲಿಯದೆ ಹೋಯಿತು? ದಂಡಿನ ತಪ್ಪು ಯುದ್ಧದ ಲೆಕ್ಕಕ್ಕೆ ಹೋಯಿತು, ಇವರ ತಪ್ಪು ಮಾತ್ರ ಹುಟ್ಟಿಗೆ ಅಂಟಿತು. 1889ರ ಹೊತ್ತಿಗೆ ಬೀರೂರು, ಅಜ್ಜಂಪುರ ಹಾದು ಹರಿಹರಕ್ಕೆ ರೈಲು ಬಂತು, ಹೇರೆತ್ತಿನ ಕಸುಬು ಸೊರಗಿತು. ಅದಕ್ಕೂ ಮೊದಲೇ, 1871ರಲ್ಲಿ, ಬ್ರಿಟಿಷರು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡುವ ಕಾನೂನು ತಂದಿದ್ದರು. ಹಲವು ಕಡೆ ಲಂಬಾಣಿಗರೂ ಆ ಪಟ್ಟಿಗೆ ಸೇರಿದರು. ಕಾನೂನು 1952ರಲ್ಲಿ ರದ್ದಾಯಿತು. ದುಬಾಯ್‌ನ ಪುಸ್ತಕ ಇಂದಿಗೂ ಅಚ್ಚಾಗುತ್ತಿದೆ.