ಗೋಬರ್ ಗ್ಯಾಸಿನ ಗುಂಡಿಗೆ ಪೊಟ್ಟಣದ ಪುಡಿ ಬೇಕೆ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ಸಗಣಿಯ ಮಾತಾಡ್ತೀನಿ. ಅದೂ ಬೆಲೆಯ ಮಾತೇ, ಸಾಲದ ಮಾತೇ. ಬೀಜ, ಗೊಬ್ಬರ, ಔಷಧಿ ಎಲ್ಲದಕ್ಕೂ ಪೇಟೆಯ ಕಡೆ ಕೈ ಚಾಚುವ ನಮಗೆ, ಕೊಟ್ಟಿಗೆಯಲ್ಲೇ ಹುಟ್ಟುವ ಇಂಧನ ಗೋಬರ್ ಗ್ಯಾಸು. ಈಗ ಆ ಗುಂಡಿಗೂ ಪೊಟ್ಟಣ ಮಾರುವವರು ಬಂದಿದ್ದಾರೆ. ಜೀವಾಣು ಪುಡಿ ಹಾಕಿ, ಖನಿಜ ಹಾಕಿ, ಗ್ಯಾಸು ಹೆಚ್ಚುತ್ತೆ ಅಂತಾರೆ. ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಗುಂಡಿಯೊಳಗೆ ನಡೆಯೋದೇನು? ಅಲ್ಲಿ ಗಾಳಿಯಿಲ್ಲ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಸಗಣಿಯನ್ನು ಕೊಳೆಸಿ ಹುಳಿ ಮಾಡುತ್ತವೆ. ಇನ್ನೊಂದು ಗುಂಪು ಆ ಹುಳಿಯನ್ನು ತಿಂದು ಮಿಥೇನ್ ಮಾಡುತ್ತದೆ. ಉರಿಯೋದು ಈ ಮಿಥೇನ್. ನಮ್ಮ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಪಾಲು ಅದೇ. ಉಳಿದದ್ದು ಬಹುಪಾಲು ಉರಿಯದ ಇಂಗಾಲಾಮ್ಲ ವಾಯು. ಎರಡನೆಯ ಗುಂಪು ನಿಧಾನವಾಗಿ ಬೆಳೆಯುವಂಥದು, ಬಲು ಸೂಕ್ಷ್ಮ. ಒಂದೇ ಸಲ ಅತಿಯಾಗಿ ತುಂಬಿದರೆ ಹುಳಿ ಮಿಕ್ಕಿ ಅದು ಸೋಲುತ್ತದೆ. ಆಗ ಡ್ರಮ್ಮು ಏರಿದರೂ ಒಲೆ ಹತ್ತೋದಿಲ್ಲ.

ಈ ಜೀವಿಗಳನ್ನು ದುಡ್ಡು ಕೊಟ್ಟು ತರಬೇಕೆ? ದನದ ಹೊಟ್ಟೆಯಲ್ಲೇ ಅವು ಇವೆ, ಸಗಣಿಯ ಜೊತೆಗೇ ಬರುತ್ತವೆ. ಹಾಲಿಗೆ ಹೆಪ್ಪು ಹಾಕುವ ಹಾಗೆ, ಹೊಸ ಗುಂಡಿಗೆ ಚೆನ್ನಾಗಿ ನಡೆಯುತ್ತಿರುವ ನೆರೆಮನೆಯ ಗುಂಡಿಯಿಂದ ಹತ್ತರಲ್ಲೊಂದು ಪಾಲು ಬಗ್ಗಡ ತಂದು ಹಾಕಿ. ಅದಕ್ಕಿಂತ ಒಳ್ಳೆಯ ಹೆಪ್ಪು ಯಾವ ಅಂಗಡಿಯಲ್ಲಿದೆ?

ಇನ್ನು ಖನಿಜ. ಮಿಥೇನ್ ಮಾಡುವ ಜೀವಿಗಳಿಗೆ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಅತಿ ಸ್ವಲ್ಪ ಬೇಕು. ಇದು ವಿಜ್ಞಾನ ಒಪ್ಪಿದ ಮಾತು. ಜರ್ಮನಿಯಲ್ಲಿ ಬರೀ ಮೆಕ್ಕೆಜೋಳದ ಹಸಿಮೇವನ್ನೇ ತುಂಬುವ ದೊಡ್ಡ ಸ್ಥಾವರಗಳಲ್ಲಿ ಇವುಗಳ ಕೊರತೆ ಬಿದ್ದು, ಹೊರಗಿಂದ ಸೇರಿಸಿದರೆ ಗ್ಯಾಸು ಹೆಚ್ಚುತ್ತದೆ. ಆದರೆ ಮೇವು, ಹಿಂಡಿ ತಿಂದ ದನದ ಸಗಣಿಯಲ್ಲಿ ಇವು ಸಾಮಾನ್ಯವಾಗಿ ಸಾಕಷ್ಟಿರುತ್ತವೆ. ಹೆಚ್ಚಾದರೆ ಅದೇ ವಿಷ, ಬಗ್ಗಡದ ಜೊತೆ ಹೊಲಕ್ಕೂ ಬರುತ್ತದೆ. ಕಬ್ಬಿಣಕ್ಕೆ ಮಾತ್ರ ಇನ್ನೊಂದು ಗುಣವಿದೆ: ಕೊಳೆತ ಮೊಟ್ಟೆಯ ನಾತ ಬರುವ ಗಂಧಕದ ಅನಿಲವನ್ನು ಹಿಡಿದುಕೊಳ್ಳುತ್ತದೆ. ಒಲೆ, ಎಂಜಿನ್ನು ಸವೆಯೋದು ಆ ಅನಿಲದಿಂದಲೇ.

ಈಗ ಲೆಕ್ಕಕ್ಕೆ ಬನ್ನಿ. 2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಒಂದು ಘನ ಮೀಟರ್ ಗ್ಯಾಸು ಸುಮಾರು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಗುಂಡಿ ಪೂರ್ತಿ ನಡೆದರೆ ತಿಂಗಳಿಗೆ 26 ಕಿಲೋ, ಅಂದರೆ 14.2 ಕಿಲೋದ ಎರಡು ಸಿಲಿಂಡರಿಗೆ ತುಸು ಕಡಿಮೆ. ಪುಡಿಯಿಂದ ನೂರಕ್ಕೆ ಹತ್ತು ಹೆಚ್ಚಿತು ಅಂತಲೇ ಇಟ್ಟುಕೊಳ್ಳಿ. ಲಾಭ ತಿಂಗಳಿಗೆ 2.6 ಕಿಲೋ. ತಿಂಗಳ ಪುಡಿಯ ಬೆಲೆ ಒಂದು ಸಿಲಿಂಡರಿನ ಐದನೇ ಒಂದು ಪಾಲು ದಾಟಿತೋ, ಲಾಭ ಮಾರಿದವನಿಗೆ, ನಷ್ಟ ನಮಗೆ.

ಪುಡಿ ಪರೀಕ್ಷಿಸುವುದಾದರೆ ಮೊದಲು ಹದಿನೈದು ದಿನ ಅದಿಲ್ಲದೆ ಒಲೆ ಎಷ್ಟು ಹೊತ್ತು ಉರಿಯಿತು ಬರೆದಿಡಿ. ಆಮೇಲೆ ಅಷ್ಟೇ ಸಗಣಿ, ಅಷ್ಟೇ ನೀರು, ಅದೇ ಹವೆಯಲ್ಲಿ ಪುಡಿ ಹಾಕಿ ಇನ್ನೊಂದು ತಿಂಗಳು ಬರೆಯಿರಿ. ಮಾರುವವನ ಬಾಯಿಗಿಂತ ನಿಮ್ಮ ಪುಸ್ತಕ ದೊಡ್ಡದು.

ಕಾಸಿಲ್ಲದ ಉಪಾಯ ಬೇಕಾದಷ್ಟಿವೆ. ಈ ಜೀವಿಗಳಿಗೆ 35 ಡಿಗ್ರಿ ಸೆಖೆ ಇಷ್ಟ. 20ಕ್ಕಿಂತ ಇಳಿದರೆ ಮಂಕಾಗುತ್ತವೆ. ಚಳಿಗಾಲದಲ್ಲಿ ಬಿಸಿಲಿಗಿಟ್ಟ ನೀರಿನಲ್ಲಿ ಸಗಣಿ ಕಲಸಿ. ಮಣ್ಣು, ಮರಳು, ಹುಲ್ಲು ಆರಿಸಿ ತೆಗೆಯಿರಿ. ದಿನಾ ಒಂದೇ ಅಳತೆಯಲ್ಲಿ ಹಾಕಿ. ಕೆಚ್ಚಲು ಬಾವಿಗೆ ಔಷಧಿ ಪಡೆದ ಹಸುವಿನ ಸಗಣಿ ಆ ದಿನಗಳಲ್ಲಿ ಬೇಡ. ಫಿನಾಯಿಲು, ಸೋಪಿನ ನೀರು, ಅಡಿಕೆಗೆ ಹೊಡೆದು ಮಿಕ್ಕ ಮೈಲುತುತ್ತದ ದ್ರಾವಣ ಗುಂಡಿಗೆ ಹೋಗಬಾರದು. ಅವು ಜೀವಿಗಳನ್ನು ಕೊಲ್ಲುತ್ತವೆ.

ಬಗ್ಗಡವನ್ನೂ ಮರೀಬೇಡಿ. ಗ್ಯಾಸು ಹೋದರೂ ಸಾರಜನಕ ಅದರಲ್ಲೇ ಉಳಿಯುತ್ತದೆ. ಬಿಸಿಲಿಗೆ ಒಣಗಿಸಿದರೆ ಹಾರಿಹೋಗುತ್ತದೆ. ಹಸಿಯಾಗಿ ಹೊಲಕ್ಕೆ ಬಿಡಿ, ಇಲ್ಲವೇ ದರಗಿನ ಜೊತೆ ತಿಪ್ಪೆ ಮಾಡಿ. ಅಷ್ಟು ಯೂರಿಯಾದ ಸಾಲ ತಪ್ಪಿತು.

ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು 1980ರ ದಶಕದಲ್ಲಿ ಊರಿನ ಸಗಣಿಯ ಗ್ಯಾಸಿನಿಂದ ಎಂಜಿನ್ನು ನಡೆಸಿ ನೀರು, ದೀಪ ಕೊಟ್ಟರು. ಸಗಣಿ ತಂದವರಿಗೆ ಹಣವನ್ನೂ ಬಗ್ಗಡವನ್ನೂ ಕೊಟ್ಟರು. ಸಗಣಿಗೂ ಬೆಲೆ ಕಟ್ಟಬಹುದು ಅನ್ನೋದಕ್ಕೆ ಅದು ಸಾಕ್ಷಿ.

ಗುಂಡಿ ಕಟ್ಟಲು ಸಾಲ ತಂದವರು ನಾವು. ಗ್ಯಾಸು ನಿಂತರೂ ಬಡ್ಡಿ ನಿಲ್ಲೋದಿಲ್ಲ. ಆದ್ದರಿಂದ ಕೆಟ್ಟ ಗುಂಡಿಯನ್ನು ಮೊದಲು ಸರಿಮಾಡಿ, ಪೊಟ್ಟಣದ ಮಾತು ಆಮೇಲೆ. ಊರಿಗೆ ಪುಡಿ ಮಾರುವವನು ಬಂದರೆ ಹತ್ತು ಮನೆಯವರು ಒಟ್ಟಿಗೆ ಕೂತು ಕೇಳಿ: ನಮ್ಮೂರ ಗುಂಡಿಯಲ್ಲಿ, ನಮ್ಮ ಕಣ್ಣೆದುರು, ನಿನ್ನ ಖರ್ಚಿನಲ್ಲಿ ಮೊದಲು ತೋರಿಸು. ತೋರಿಸಿದರೆ ಕೊಳ್ಳೋಣ.